ತಳಿಗೆ ಕುದುರೆ ಕೊಳ್ಳುವವರು ಬಾಲ ಎತ್ತಿ ನೋಡಿ

ನಾನು ಮೊದಲ ಬಾರಿ ಕೊಂಡ ಹೆಣ್ಣು ಕುದುರೆ ‘ಆರು ತಿಂಗಳ ಗಬ್ಬ’ ಎಂದು ಹೇಳಿಸಿಕೊಂಡು ಮನೆಗೆ ಬಂದಿತ್ತು. ಐದು ತಿಂಗಳು ಹುರುಳಿ ಬೇಯಿಸಿ ಹಾಕಿದೆವು. ಮನೆಯವರು ಮರಿಗೆ ಹೆಸರನ್ನೂ ಇಟ್ಟಿದ್ದರು. ಆರನೆಯ ತಿಂಗಳು ಕಳೆದು ಏಳನೆಯದಕ್ಕೆ ಬಿದ್ದಾಗ ಪಶುವೈದ್ಯರನ್ನು ಕರೆಸಿದೆ. ಅವರು ಕೈ ಹಾಕಿ ನೋಡಿ, ಕೈ ತೊಳೆದುಕೊಳ್ಳುತ್ತ, ‘ಹೊಟ್ಟೆಯಲ್ಲಿ ಹುಲ್ಲಿದೆ, ಬೇರೇನೂ ಇಲ್ಲ’ ಎಂದರು. ಮಾರಿದವನನ್ನು ಕೇಳಿದರೆ, ‘ನಿಮ್ಮ ಮನೆಗೆ ಬಂದ ಮೇಲೆ ಕಂದು ಹಾಕಿರಬೇಕು ಯಜಮಾನರೇ, ನಮ್ಮಲ್ಲಿ ಇರುವಾಗ ತುಂಬಿತ್ತು’ ಎಂದ. ಅದು ಸುಳ್ಳೆಂದು ಸಾಧಿಸಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಸವಾರಿಯ ಕುದುರೆಯ ಹುಳುಕು ಎರಡು ದಿನದಲ್ಲಿ ಬಯಲಾಗುತ್ತದೆ. ತಳಿಯ ಕುದುರೆಯ ಹುಳುಕು ಹೊರಬೀಳಲು ವರ್ಷ ಹಿಡಿಯುತ್ತದೆ. ಗಬ್ಬದ ಅವಧಿ ಹನ್ನೊಂದು ತಿಂಗಳು, ದಿನದ ಲೆಕ್ಕದಲ್ಲಿ ಸುಮಾರು 335ರಿಂದ 345. ಇದಕ್ಕಿಂತ ಒಂದೆರಡು ವಾರ ಹಿಂದುಮುಂದಾಗುವುದೂ ಉಂಟು. ಒಂದು ಸಲಕ್ಕೆ ಒಂದೇ ಮರಿ. ಆ ಮರಿ ಬೆನ್ನು ಕೊಡುವಷ್ಟು ಬಲಿಯಲು ಮತ್ತೆ ಮೂರು ವರ್ಷ ಬೇಕು. ಅಂದರೆ ಇವತ್ತು ತಪ್ಪು ಕುದುರೆಗೆ ಹಣ ಎಣಿಸಿದರೆ ನಾಲ್ಕು ವರ್ಷ ದಂಡ. ಎಮ್ಮೆಯಾದರೆ ಕಸಾಯಿಖಾನೆಯ ಮಾತು ಬಿಡಿ, ಹಾಲಾದರೂ ಕೊಡುತ್ತದೆ. ಮರಿ ಹಾಕದ ಕುದುರೆ ಕೊಡುವುದು ಗೊಬ್ಬರವನ್ನು ಮಾತ್ರ.

ಹಾಗಾಗಿ ಎದುರಿಗೆ ನಿಂತ ಕುದುರೆಯ ಬಣ್ಣ, ಸುಳಿ, ಕುಣಿತ ಇವನ್ನೆಲ್ಲ ಬದಿಗಿಟ್ಟು, ಅದರ ಹೊಟ್ಟೆಯಿಂದ ಬರಬೇಕಾದ ಮರಿಯನ್ನು ಕೊಳ್ಳುತ್ತಿದ್ದೇನೆ ಎಂದುಕೊಂಡು ಹೊರಡಿ. ಕೆಳಗೆ ಹೇಳುವುದೆಲ್ಲ ಆ ಒಂದು ಲೆಕ್ಕದ ಮೇಲೆಯೇ ನಿಂತಿದೆ.

ಮರಿ ಯಾರಿಗೆ?

ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಕುದುರೆ ಮರಿ ಕೇಳಿಕೊಂಡು ಬರುವವರು ಮೂರು ಬಗೆಯವರು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರಿಗೆ ಬಿಳಿ ಬೇಕು, ಎತ್ತರ ಬೇಕು, ಬ್ಯಾಂಡಿನ ಸದ್ದಿಗೆ ಬೆದರದ ಗುಣ ಬೇಕು. ನಾಲ್ಕು ಎಕರೆ ಗದ್ದೆ ಮಾರಿ ಹವ್ಯಾಸಕ್ಕೆ ಸಾಕುವವರಿಗೆ ಮಾರವಾಡಿ ಅಥವಾ ಕಾಠಿಯಾವಾಡಿ ತಳಿ ಬೇಕು, ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟಬೇಕು. ಮೂರನೆಯವರು ಕುರಿ ಹಿಂಡಿನೊಂದಿಗೆ ಊರೂರು ಅಲೆಯುವ ಕುರಿಗಾರರು. ಅವರಿಗೆ ಬಲೆ, ಗೂಟ, ಪಾತ್ರೆಪಡಗ, ಆಗತಾನೆ ಹುಟ್ಟಿದ ಕುರಿಮರಿ ಹೊತ್ತು ನಡೆಯುವ ಗಟ್ಟಿ ತಟ್ಟು, ಅಂದರೆ ಗಿಡ್ಡ ಕುದುರೆ, ಸಾಕು. ಎತ್ತರ ಅವರಿಗೆ ತೊಂದರೆಯೇ, ಹೊರೆ ಏರಿಸುವವರು ಯಾರು?

ಈ ಮೂರನೆಯ ಬಗೆಯನ್ನು ಜನ ಕೀಳಾಗಿ ನೋಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಭೀಮಾ ತೀರದ ಭೀಮಥಡಿ ತಟ್ಟುಗಳು ಕುರಿಗಾರರ ಹಿಂಡಿನಲ್ಲೇ ಉಳಿದುಬಂದು, ಈಗ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಪಟ್ಟಿಯಲ್ಲಿ ಸ್ವಂತ ತಳಿಯಾಗಿ ಸೇರಿವೆ. ನಮ್ಮ ಬಿಸಿಲಿಗೆ, ಒಣ ಮೇವಿಗೆ, ಕಲ್ಲು ನೆಲಕ್ಕೆ ಒಗ್ಗಿದ ಪ್ರಾಣಿ ಅದು. ಮೊದಲ ಬಾರಿ ತಳಿಗೆ ಕೈಹಾಕುವವರು ತಟ್ಟಿನಿಂದ ಶುರುಮಾಡಿದರೆ ಕಲಿಯುವ ಶುಲ್ಕ ಕಡಿಮೆಯಾಗುತ್ತದೆ.

ಬಿಳಿ ಕುದುರೆಯ ಆಸೆ ಇದ್ದವರಿಗೆ ಒಂದು ಮಾತು. ಮಾರುವವರು ‘ನುಕ್ರಾ’ ಎಂದು ಕರೆಯುವ, ಹುಟ್ಟಿನಿಂದಲೇ ಬಿಳಿಯಾದ ಕುದುರೆಯ ತೊಗಲು ಗುಲಾಬಿ ಬಣ್ಣದ್ದು. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಅದರ ಮೂಗು, ಕಣ್ಣಿನ ಅಂಚು ಸುಟ್ಟು ಸಿಪ್ಪೆ ಏಳುತ್ತದೆ. ವರ್ಷಗಟ್ಟಲೆ ಹೀಗಾದರೆ ಅಲ್ಲೇ ಗಂಟು ಬೆಳೆಯುವ ಅಪಾಯವೂ ಇದೆ. ಕಪ್ಪು ತೊಗಲಿನ ಬಿಳಿ ಕುದುರೆ ಬೇರೆ. ಅದು ಹುಟ್ಟುವಾಗ ಕಂದೋ ಕಪ್ಪೋ ಆಗಿದ್ದು ವಯಸ್ಸಾದಂತೆ ನರೆಯುತ್ತದೆ. ಅದಕ್ಕೆ ಬಾಲದ ಬುಡದಲ್ಲಿ ಕಪ್ಪು ಗಂಟುಗಳು ಬರುವುದು ಸಾಮಾನ್ಯ. ಎರಡರಲ್ಲಿ ಯಾವುದನ್ನು ಕೊಳ್ಳುತ್ತಿದ್ದೀರಿ ಎಂದು ಮೂತಿಯ ಮೇಲಿನ ಕೂದಲು ಸರಿಸಿ ತೊಗಲು ನೋಡಿ ತಿಳಿಯಬೇಕು.

ಮಾರುವವರ ಮನೆ, ಮಾರುವ ಕಾಲ

ಕುದುರೆ ಎಲ್ಲಿಂದ ಬಂತು ಎನ್ನುವುದರ ಮೇಲೆ ಅದರ ದೋಷವನ್ನು ಅರ್ಧ ಊಹಿಸಬಹುದು. ಟಾಂಗಾ ಬಿಟ್ಟವರ ಮನೆಯ ಕುದುರೆಗೆ ಮುಂಗಾಲಿನ ಕೀಲು ಸವೆದಿರುತ್ತದೆ, ಹೆಗಲಲ್ಲಿ ಹಳೆಯ ಗಾಯದ ಕಲೆ ಇರುತ್ತದೆ. ಆದರೆ ಸ್ವಭಾವ ಬಂಗಾರ. ಮೆರವಣಿಗೆಯ ಕುದುರೆ ನೋಡಲು ಚೆಂದ, ಆದರೆ ಅದಕ್ಕೆ ಎಂದೂ ಮರಿ ಹಾಕಿಸಿರುವುದಿಲ್ಲ. ಹತ್ತು ವರ್ಷದವರೆಗೆ ಗಬ್ಬವಾಗದೇ ಉಳಿದ ಹೆಣ್ಣು ಮೊದಲ ಬಾರಿ ನಿಲ್ಲುವುದು ಕಷ್ಟ. ಬೆಂಗಳೂರಿನ ಓಟದ ಮೈದಾನದಿಂದ ನಿವೃತ್ತವಾದ ಥರೋಬ್ರೆಡ್ ಹೆಣ್ಣುಗಳೂ ಆಗಾಗ ಈ ಕಡೆ ಬರುತ್ತವೆ. ಕಾಗದಪತ್ರ ಸರಿ ಇದ್ದರೂ ಅವುಗಳ ತೆಳು ಗೊರಸು ನಮ್ಮ ಕಲ್ಲು ನೆಲಕ್ಕೆ ತಾಳುವುದಿಲ್ಲ. ಮೇವಿನ ಖರ್ಚೂ ತಟ್ಟಿನ ಎರಡರಷ್ಟು. ಮಹಾರಾಷ್ಟ್ರದ ಜಾತ್ರೆಗಳಿಂದ ಲಾರಿಯಲ್ಲಿ ತಂದು ಮಾರುವ ದಲ್ಲಾಳಿಯ ಬಳಿ ಆಯ್ಕೆ ಹೆಚ್ಚು, ಚರಿತ್ರೆ ಸೊನ್ನೆ. ತಾಯಿ ಯಾರು, ತಂದೆ ಯಾರು, ಎಷ್ಟು ಮರಿ ಎಂಬುದು ಅವನಿಗೇ ಗೊತ್ತಿರುವುದಿಲ್ಲ.

ನನ್ನ ಆಯ್ಕೆ ಯಾವಾಗಲೂ ಕುರಿಗಾರ ಅಥವಾ ಮನೆಯಲ್ಲೇ ಎರಡು ಮೂರು ಹೆಣ್ಣು ಸಾಕಿದ ರೈತ. ಏಕೆಂದರೆ ಅವನ ಅಂಗಳದಲ್ಲಿ ಅದೇ ಹೆಣ್ಣಿನ ಮರಿ ಓಡಾಡುತ್ತಿರುತ್ತದೆ. ತಾಯಿಯ ಪಕ್ಕದಲ್ಲಿ ನಿಂತ ಮರಿಗಿಂತ ದೊಡ್ಡ ಪ್ರಮಾಣಪತ್ರ ಯಾವುದೂ ಇಲ್ಲ. ಅಲ್ಲಿ ಮರಿ ಇಲ್ಲದಿದ್ದರೆ ಯಾರಿಗೆ ಮಾರಿದರೆಂದು ಕೇಳಿ, ಆ ಊರಿಗೂ ಹೋಗಿ ನೋಡಿ ಬನ್ನಿ. ಕುಷ್ಟಗಿಯಿಂದ ಮಸ್ಕಿಗೆ ಬೈಕಿನಲ್ಲಿ ಹೋಗಿಬರುವ ಪೆಟ್ರೋಲಿನ ಖರ್ಚು ಈ ವ್ಯವಹಾರದಲ್ಲಿ ಖರ್ಚೇ ಅಲ್ಲ.

ಬೆಲೆ ಇಳಿಯುವುದು ಆಷಾಢದಲ್ಲಿ. ಮದುವೆ ಇಲ್ಲ, ಮೆರವಣಿಗೆ ಇಲ್ಲ, ಕುದುರೆ ಮಾತ್ರ ದಿನವೂ ತಿನ್ನುತ್ತದೆ. ಪೇಟೆಯ ಮಾಲೀಕರು ಆಗ ಮಾತಿಗೆ ಸಿಗುತ್ತಾರೆ. ಆದರೆ ಮಳೆ ಬಿದ್ದ ಮೇಲೆ ಕಚ್ಚುವ ದೊಡ್ಡ ನೊಣಗಳೂ ಎದ್ದಿರುತ್ತವೆ, ಅವು ಸರ್ರಾ ಎಂಬ ರಕ್ತದ ರೋಗ ಹರಡುತ್ತವೆ. ಅಗ್ಗಕ್ಕೆ ಹೋಗಿ ಮುಗ್ಗು ಜೋಳ ತಂದಂತೆ ಆಗಬಾರದು ಎಂದಿದ್ದರೆ ಆಷಾಢದ ಖರೀದಿಯಲ್ಲಿ ರಕ್ತ ಪರೀಕ್ಷೆ ಬಿಡಬೇಡಿ. ಬೆದೆಯ ದೃಷ್ಟಿಯಿಂದ ನೋಡಿದರೆ ಶಿವರಾತ್ರಿಯ ಆಸುಪಾಸು ಒಳ್ಳೆಯದು. ಹಗಲು ಉದ್ದವಾಗುತ್ತ ಹೋಗುವ ತಿಂಗಳುಗಳಲ್ಲಿ ಹೆಣ್ಣು ಕುದುರೆ ಚೆನ್ನಾಗಿ ಬೆದೆಗೆ ಬರುತ್ತದೆ. ಸುಮಾರು 21 ದಿನಕ್ಕೊಮ್ಮೆ ಬರುವ ಬೆದೆ ಐದರಿಂದ ಏಳು ದಿನ ಇರುತ್ತದೆ. ಆಗ ನಿಂತ ಗಬ್ಬದ ಮರಿ ಮುಂದಿನ ಚಳಿಗಾಲದ ಕೊನೆಗೆ ನೆಲಕ್ಕೆ ಬೀಳುತ್ತದೆ.

ಹೇಳದೆ ಹೋಗಿ

ಮೊದಲ ಭೇಟಿಗೆ ಹೇಳಿ ಹೋಗಿ. ಎರಡನೆಯದಕ್ಕೆ ಹೇಳದೆ, ಬೆಳಗಿನ ಆರು ಗಂಟೆಗೆ ಹೋಗಿ. ಇದು ಅಪನಂಬಿಕೆಯ ಮಾತಲ್ಲ, ಔಷಧಿಯ ಮಾತು. ಕುಂಟುವ ಕುದುರೆಗೆ ನೋವು ನಿವಾರಕ ಕೊಟ್ಟರೆ ಒಂದೆರಡು ದಿನ ನೇರವಾಗಿ ನಡೆಯುತ್ತದೆ. ಒದೆಯುವ ಕುದುರೆಗೆ ಮಂಪರಿನ ಚುಚ್ಚುಮದ್ದು ಕೊಟ್ಟರೆ ಹಸುವಿನಂತೆ ನಿಲ್ಲುತ್ತದೆ. ಕೆಳತುಟಿ ಜೋತಿದ್ದರೆ, ತಲೆ ಮೊಣಕಾಲಿನ ಮಟ್ಟಕ್ಕೆ ಬಾಗಿದ್ದರೆ, ಕಣ್ಣು ಅರೆ ಮುಚ್ಚಿದ್ದರೆ ‘ಸಾಧು ಪ್ರಾಣಿ’ ಎಂದು ಮೆಚ್ಚಿಕೊಳ್ಳಬೇಡಿ, ಎದ್ದು ಬನ್ನಿ.

ಹೋದ ತಕ್ಷಣ ಮೈ ಮುಟ್ಟಬೇಡಿ. ದೂರ ನಿಂತು ಕಾಲು ಗಂಟೆ ನೋಡಿ. ಮೇವು ಹೇಗೆ ತಿನ್ನುತ್ತದೆ, ಅಗಿದದ್ದನ್ನು ಉಂಡೆ ಮಾಡಿ ಉಗುಳುತ್ತದೆಯೇ, ಗೂಟ ಕಚ್ಚಿ ಗಾಳಿ ನುಂಗುತ್ತದೆಯೇ, ಮುಂಗಾಲುಗಳಲ್ಲಿ ಒಂದನ್ನೇ ಪದೇ ಪದೇ ಮುಂದೆ ಚಾಚಿ ನಿಲ್ಲುತ್ತದೆಯೇ ಎಂದು ಗಮನಿಸಿ. ಹಿಂಗಾಲನ್ನು ಒಂದಾದ ಮೇಲೊಂದು ಸಡಿಲ ಬಿಡುವುದು ಸಹಜ, ಮುಂಗಾಲು ಹಾಗೆ ಮಾಡಿದರೆ ನೋವಿದೆ ಎಂದರ್ಥ. ಲದ್ದಿ ಉಂಡೆಯಾಗಿ ಬಿದ್ದು ನೆಲಕ್ಕೆ ತಾಗಿದಾಗ ಒಡೆಯಬೇಕು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಉಸಿರಿನ ಲೆಕ್ಕವನ್ನು ನಮ್ಮ ಮಧ್ಯಾಹ್ನದಲ್ಲಿ ಎಣಿಸಿ ಗಾಬರಿಯಾಗಬೇಡಿ, ಬೆಳಿಗ್ಗೆ ಹೋಗಿ ಎಂದದ್ದಕ್ಕೆ ಅದೂ ಒಂದು ಕಾರಣ.

ಆಮೇಲೆ ಗಟ್ಟಿ ನೆಲದ ಮೇಲೆ ನಡೆಸಿ, ಹಗ್ಗ ಸಡಿಲ ಬಿಟ್ಟು ಜಿಗಿನಡಿಗೆಯಲ್ಲಿ ಓಡಿಸಿ. ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೆ ಊರಿದಾಗ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗಿಸುತ್ತದೆ. ಹಗ್ಗವನ್ನು ಮೂತಿಯ ಹತ್ತಿರ ಬಿಗಿಯಾಗಿ ಹಿಡಿದು ಓಡಿಸುವ ಮಾಲೀಕ ಇದನ್ನೇ ಮುಚ್ಚಿಡುತ್ತಿರುತ್ತಾನೆ. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಸವಾರನ ಸೋಮಾರಿತನಕ್ಕೆ ಹೇಳಿದ್ದು. ಕೊಳ್ಳುವವನು ಮಾತ್ರ ಕಾಲುನೋವನ್ನು ಕುದುರೆಯಲ್ಲೇ ಹುಡುಕಬೇಕು.

ಗೊರಸನ್ನು ಎತ್ತಿ ನೋಡಿ. ಅದರ ಗೋಡೆಯ ಮೇಲೆ ಉಂಗುರದಂಥ ಗೆರೆಗಳಿದ್ದು, ಅವು ಮುಂದೆ ಹತ್ತಿರ, ಹಿಮ್ಮಡಿಯ ಕಡೆ ಅಗಲವಾಗಿದ್ದರೆ ಆ ಕುದುರೆಗೆ ಹಿಂದೆ ಗೊರಸಿನ ಉರಿಯೂತ ಆಗಿದೆ. ಗಬ್ಬದ ಕೊನೆಯ ತಿಂಗಳುಗಳ ಭಾರಕ್ಕೆ ಅದು ಮತ್ತೆ ಕೆರಳಬಹುದು.

ಹಲ್ಲು ಸುಳ್ಳು ಹೇಳುವುದು ಯಾವಾಗ

ಎತ್ತಿನ ಹಲ್ಲು ನೋಡಿ ಗೊತ್ತಿರುವವರು ಕುದುರೆಯ ಹಲ್ಲಿನ ಮುಂದೆ ಮೋಸ ಹೋಗುತ್ತಾರೆ, ಏಕೆಂದರೆ ಎತ್ತಿಗೆ ಮೇಲೆ ಬಾಚಿಹಲ್ಲೇ ಇಲ್ಲ, ಕುದುರೆಗೆ ಮೇಲೆ ಆರು, ಕೆಳಗೆ ಆರು. ಹಾಲುಹಲ್ಲು ಬಿದ್ದು ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬರುತ್ತದೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಅಂಚಿನ ಜೋಡಿ ನಾಲ್ಕೂವರೆಗೆ. ಐದಕ್ಕೆ ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ಕೆಳಹಲ್ಲಿನ ಕಪ್ಪು ಗುಳಿ ನೋಡಬೇಕು. ನಡುವಿನ ಜೋಡಿಯಲ್ಲಿ ಆರರ ಹೊತ್ತಿಗೆ, ಪಕ್ಕದ್ದರಲ್ಲಿ ಏಳರ ಹೊತ್ತಿಗೆ, ಅಂಚಿನದರಲ್ಲಿ ಎಂಟರ ಹೊತ್ತಿಗೆ ಅದು ಸವೆದು ಮಾಯವಾಗುತ್ತದೆ. ಹತ್ತರ ಸುಮಾರಿಗೆ ಮೇಲಿನ ಅಂಚಿನ ಹಲ್ಲಿನ ಮೇಲೆ, ಒಸಡಿನ ಬಳಿ, ಕಂದು ಗೆರೆಯೊಂದು ಮೂಡುತ್ತದೆ. ಹದಿನೈದಕ್ಕೆ ಅರ್ಧ ಹಲ್ಲಿಗೆ ಇಳಿದಿರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಗುಳಿಯನ್ನು ಕೊರೆದು, ಸುಟ್ಟು ಕಪ್ಪು ಮಾಡಿ ಹದಿಮೂರರ ಕುದುರೆಯನ್ನು ಏಳರದ್ದೆಂದು ಮಾರುವ ಕೈಚಳಕ ಹಳೆಯದು. ಆದರೆ ಪಕ್ಕದಿಂದ ನೋಡಿದಾಗ ಮೇಲಿನ ಮತ್ತು ಕೆಳಗಿನ ಹಲ್ಲು ಕೂಡುವ ಕೋನ ಸುಳ್ಳು ಹೇಳುವುದಿಲ್ಲ. ಎಳೆಯದರಲ್ಲಿ ಅದು ನೆಟ್ಟಗೆ, ಮುದಿಯದರಲ್ಲಿ ಮುಂದಕ್ಕೆ ಚಾಚಿ ಗಿಳಿಯ ಕೊಕ್ಕಿನ ಹಾಗೆ ಓರೆ.

ಇಷ್ಟು ಎಲ್ಲ ಕಡೆಗೂ ಅನ್ವಯಿಸುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೊಂದು ತೊಡಕಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದ ಪ್ರಾಣಿಯ ಹಲ್ಲಿನ ಮೇಲೆ ಸುಣ್ಣದ ಬಿಳಿ ಮತ್ತು ಕಂದು ಮಚ್ಚೆ ಬೀಳುತ್ತವೆ, ಹಲ್ಲು ಬೇಗ ಸವೆಯುತ್ತದೆ. ಹಾಗಾಗಿ ಮಚ್ಚೆ ಇದ್ದ ಹಲ್ಲು ಕಂಡರೆ ವಯಸ್ಸನ್ನು ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಜೊತೆಗೆ ಆ ಕುದುರೆಯ ಕೀಲುಗಳನ್ನು ಎರಡು ಸಲ ನೋಡಿ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಕುದುರೆಗೆ ಮುಖವನ್ನೂ ತಡವಿ ನೋಡಬೇಕು. ಅಕ್ಕಿ ಗಿರಣಿಗಳ ತೌಡು ಅಲ್ಲಿ ಸುಲಭವಾಗಿ ಸಿಗುತ್ತದೆ, ಜನ ಬುಟ್ಟಿಗಟ್ಟಲೆ ಹಾಕುತ್ತಾರೆ. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ವರ್ಷಗಟ್ಟಲೆ ಅದನ್ನೇ ತಿಂದ ಕುದುರೆಯ ಮೈ ತನ್ನ ಎಲುಬಿನಿಂದಲೇ ಸುಣ್ಣ ಕೀಳುತ್ತದೆ, ಕಣ್ಣಿನ ಕೆಳಗಿನ ಮುಖದ ಎಲುಬು ಎರಡೂ ಬದಿ ಉಬ್ಬಿ ತಲೆ ದಪ್ಪಗಾಗುತ್ತದೆ. ‘ಗಟ್ಟಿ ತಲೆ, ರಾಜಕಳೆ’ ಎಂದು ಅದನ್ನೇ ಹೊಗಳಿ ಮಾರಲು ಬಂದವರನ್ನು ನಾನು ನೋಡಿದ್ದೇನೆ. ಗಬ್ಬವಾಗಿ, ಹಾಲೂಡಿಸಿ ಸುಣ್ಣ ಕಳೆದುಕೊಳ್ಳಬೇಕಾದ ತಾಯಿಗೆ ಇದು ದೊಡ್ಡ ದೋಷ.

ಬಾಲ ಎತ್ತಿ

ಇಲ್ಲಿ ನಾಚಿಕೆ ಬಿಡಬೇಕು. ಮೊದಲು ಬಾಲದ ಒಳಮೈ, ತೊಡೆಯ ಹಿಂಭಾಗ ನೋಡಿ. ಒಣಗಿದ ಕೀವಿನ ಪೊರೆ ಅಂಟಿದ್ದರೆ ಗರ್ಭಕೋಶದಲ್ಲಿ ಸೋಂಕಿದೆ. ಅಂದೇ ತೊಳೆದ ಬಾಲ ಕಂಡರೆ ಅದೂ ಒಂದು ಪ್ರಶ್ನೆಯೇ. ಯೋನಿಯ ತುಟಿಗಳು ನೆಟ್ಟಗೆ, ಬಿಗಿಯಾಗಿ ಮುಚ್ಚಿರಬೇಕು. ಗುದದ್ವಾರ ಒಳಕ್ಕೆ ಸರಿದು ತುಟಿಗಳು ಮೇಲ್ಮುಖವಾಗಿ ಒರಗಿದ್ದರೆ ಲದ್ದಿ ಅದರೊಳಗೆ ಬೀಳುತ್ತದೆ, ನಡೆಯುವಾಗ ಗಾಳಿ ಒಳಹೋಗುವ ಸದ್ದೂ ಕೇಳುತ್ತದೆ. ಅಂಥ ಹೆಣ್ಣು ಗಬ್ಬ ಕಟ್ಟುವುದು ಕಷ್ಟ, ಕಟ್ಟಿದರೂ ಉಳಿಸುವುದು ಕಷ್ಟ. ತುಟಿಗಳ ಅಂಚಿನಲ್ಲಿ ಹಳೆಯ ಹೊಲಿಗೆಯ ಗುರುತಿದ್ದರೆ ಹಿಂದೆ ಯಾರೋ ವೈದ್ಯರು ಇದೇ ಕಾರಣಕ್ಕೆ ಮೇಲ್ಭಾಗ ಹೊಲಿದಿದ್ದರು ಎಂದು ತಿಳಿಯಿರಿ. ಅದು ತಾನಾಗಿಯೇ ತಿರಸ್ಕರಿಸುವಂಥ ದೋಷವಲ್ಲ, ಆದರೆ ಪ್ರತಿ ಹೆರಿಗೆಗೆ ಮುಂಚೆ ಬಿಚ್ಚಿ ಆಮೇಲೆ ಮತ್ತೆ ಹೊಲಿಸಬೇಕು. ಖರ್ಚು ಲೆಕ್ಕಕ್ಕೆ ಸೇರಿಸಿ.

ಕೆಚ್ಚಲಿನ ಎರಡೂ ಮೊಲೆ ಮೆತ್ತಗಿರಬೇಕು, ಗಂಟು ಇರಬಾರದು. ಮುಟ್ಟಿದರೆ ಒದೆಯುವ ಹೆಣ್ಣು ಮರಿಗೂ ಹಾಲು ಬಿಡಲಾರದು.

ಮಾಲೀಕನನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಕೊನೆಯ ಮರಿ ಯಾವ ತಿಂಗಳು? ಅದು ಬದುಕಿದೆಯೇ, ಎಲ್ಲಿದೆ? ಮಾಸು ಎಷ್ಟು ಹೊತ್ತಿಗೆ ಬಿತ್ತು? ಎಂದಾದರೂ ಕಂದು ಹಾಕಿದೆಯೇ? ಮಾಸು ಮೂರು ಗಂಟೆಯೊಳಗೆ ಬೀಳಬೇಕು. ಒಂದು ದಿನ ಇಟ್ಟುಕೊಂಡಿತ್ತು ಎಂದು ಅವನು ಎಮ್ಮೆಯ ಲೆಕ್ಕದಲ್ಲಿ ಸಲೀಸಾಗಿ ಹೇಳಿದರೆ ನೀವು ಎಚ್ಚರಗೊಳ್ಳಿ. ಕುದುರೆಗೆ ಅದು ಪ್ರಾಣಕ್ಕೆ ಬರುವ ವಿಷಯ, ಗರ್ಭಕೋಶಕ್ಕೂ ಗೊರಸಿಗೂ ಪೆಟ್ಟು ಬಿದ್ದಿರಬಹುದು. ಉತ್ತರಗಳನ್ನು ಬರೆದಿಟ್ಟುಕೊಂಡು, ಎರಡನೆಯ ಭೇಟಿಯಲ್ಲಿ ಮನೆಯ ಹೆಂಗಸರನ್ನೋ ಹುಡುಗರನ್ನೋ ಅದನ್ನೇ ಮತ್ತೆ ಮಾತಿಗೆ ಮಾತು ಎಂಬಂತೆ ಕೇಳಿ. ‘ಯಕ್ಕಾ, ಹೋದ ವರ್ಷದ ಮರಿ ಯಾರು ಒಯ್ದರು?’ ಎಂದರೆ ಸಾಕು. ಮೇವು ಹಾಕುವವರಿಗೆ ನೆನಪು ಚೆನ್ನಾಗಿರುತ್ತದೆ, ಸುಳ್ಳು ಹೇಳುವ ಅಗತ್ಯವೂ ಇರುವುದಿಲ್ಲ.

ಇನ್ನು ಗಬ್ಬ. ಹೊಟ್ಟೆಯ ಗಾತ್ರ ನೋಡಿ ನಂಬಬೇಡಿ, ನಾನು ನಂಬಿ ಕೆಟ್ಟವನು. ಒಣ ಹುಲ್ಲು ತಿಂದು ಜಂತು ತುಂಬಿದ ಹೊಟ್ಟೆಯೂ ಹಾಗೆಯೇ ಕಾಣುತ್ತದೆ. ಗಂಡು ಕೊಡಿಸಿದ 14ರಿಂದ 16ನೆಯ ದಿನಕ್ಕೆ ಅಲ್ಟ್ರಾಸೌಂಡಿನಲ್ಲಿ ಗಬ್ಬ ಗೊತ್ತಾಗುತ್ತದೆ. ಅವಳಿ ಇದೆಯೇ ಎಂದು ತಿಳಿಯುವುದೂ ಆಗಲೇ. ಕುದುರೆಗೆ ಅವಳಿ ಸಂತೋಷದ ಸುದ್ದಿಯಲ್ಲ, ಬಹುಪಾಲು ಎರಡೂ ಹೋಗುತ್ತವೆ. ಯಂತ್ರ ಇಲ್ಲದ ಕಡೆ ಅನುಭವ ಇರುವ ವೈದ್ಯರು ಒಂದೂವರೆ ತಿಂಗಳ ನಂತರ ಕೈ ಹಾಕಿ ಹೇಳಬಲ್ಲರು. ರಕ್ತದ ಪರೀಕ್ಷೆಯೂ ಇದೆ. ಆದರೆ 40ರಿಂದ 120 ದಿನಗಳ ನಡುವೆ ಮಾಡುವ ಹಾರ್ಮೋನು ಪರೀಕ್ಷೆಗೆ ಒಂದು ದೋಷ: ಭ್ರೂಣ ಸತ್ತುಹೋದ ಮೇಲೂ ಕೆಲವು ವಾರ ‘ಗಬ್ಬ’ ಎಂದೇ ತೋರಿಸುತ್ತದೆ. ಚೀಟಿ ತೋರಿಸಿ ಮಾರುವವನ ಚೀಟಿಯ ತಾರೀಕು ನೋಡುವುದು ಇದಕ್ಕೇ.

ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗಳ ವೈದ್ಯರ ದಿನವೆಲ್ಲ ಎಮ್ಮೆ, ಆಕಳು, ಕುರಿಯಲ್ಲೇ ಕಳೆಯುತ್ತದೆ. ಕುದುರೆಯ ಗರ್ಭ ಪರೀಕ್ಷೆ ಮಾಡಿ ಅಭ್ಯಾಸ ಇದೆಯೇ ಎಂದು ಸಂಕೋಚಪಡದೆ ಕೇಳಿ. ಇಲ್ಲ ಎಂದವರು ಪ್ರಾಮಾಣಿಕರು, ಅವರೇ ಮುಂದಿನ ದಾರಿ ಹೇಳುತ್ತಾರೆ. ಕೊಪ್ಪಳದವರಿಗೆ ಗದಗದ ಪಶುವೈದ್ಯಕೀಯ ಕಾಲೇಜು ಹತ್ತಿರ, ರಾಯಚೂರಿನ ಕಡೆಯವರು ಬೀದರಿನ ಕಾಲೇಜನ್ನೂ ಕೇಳಿ ನೋಡಬಹುದು. ತುರ್ತಿಗೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಆದರೆ ಖರೀದಿಯ ಪರೀಕ್ಷೆಗೆ ಅದನ್ನು ಕರೆಯುವುದು ಸರಿಯಲ್ಲ.

ಮಾರುವವನ ಪರಿಚಯದ ವೈದ್ಯರಿಂದ ಪರೀಕ್ಷೆ ಬೇಡ. ನೀವು ಹಣ ಕೊಡುವ ವೈದ್ಯರು ಬೇಕು.

ಗಂಡು ಬೇಕೇ?

ನಾಲ್ಕೈದು ಹೆಣ್ಣುಗಳಿಗಿಂತ ಕಡಿಮೆ ಇರುವವರು ಗಂಡು ಕುದುರೆ ಕೊಳ್ಳುವುದು ಶೋಕಿ. ವರ್ಷದಲ್ಲಿ ಹತ್ತು ದಿನದ ಕೆಲಸಕ್ಕೆ ಮುನ್ನೂರ ಅರವತ್ತೈದು ದಿನ ಮೇವು, ಬೇರೆ ಲಾಯ, ಗಟ್ಟಿ ಬೇಲಿ, ಕಚ್ಚಿಸಿಕೊಳ್ಳುವ ಆಳು. ಒಳ್ಳೆಯ ಗಂಡು ಇರುವವರ ಬಳಿ ಹೆಣ್ಣನ್ನು ಒಯ್ದು ಶುಲ್ಕ ಕೊಟ್ಟು ಬರುವುದು ಮೇಲು. ಆದರೂ ಕೊಳ್ಳುವುದೇ ಎಂದಾದರೆ ಎರಡೂ ವೃಷಣ ಚೀಲದಲ್ಲಿ ಇಳಿದಿವೆಯೇ ನೋಡಿ. ಒಂದೇ ಇದ್ದರೆ ‘ಕೆಲಸ ನಡೆಯುತ್ತದೆ’ ಎನ್ನುತ್ತಾರೆ. ನಡೆಯುತ್ತದೆ ನಿಜ, ಆದರೆ ಆ ದೋಷ ಮರಿಗೂ ಇಳಿಯಬಹುದು. ಮೇಲ್ದವಡೆ ಮುಂದೆ ಚಾಚಿದ ಬಾಯಿ, ಹೊಕ್ಕುಳ ಬಾವು ಇವೂ ಹಾಗೆಯೇ. ಹೆಣ್ಣಿನ ದೋಷ ವರ್ಷಕ್ಕೆ ಒಂದು ಮರಿಗೆ, ಗಂಡಿನ ದೋಷ ಊರಿನ ಎಲ್ಲ ಮರಿಗಳಿಗೆ. ಕಳೆದ ಸಾಲಿನಲ್ಲಿ ಅದು ಹಾರಿದ ಹೆಣ್ಣುಗಳಲ್ಲಿ ಎಷ್ಟು ಮರಿ ಹಾಕಿದವು ಎಂದು ಹೆಣ್ಣುಗಳ ಮಾಲೀಕರನ್ನು ಕೇಳಿ, ಗಂಡಿನ ಮಾಲೀಕನನ್ನಲ್ಲ. ನಿಮ್ಮ ಹೆಣ್ಣಿನ ತಂದೆಯೂ ಅದೇ ಗಂಡೇ ಎಂಬುದನ್ನೂ ವಿಚಾರಿಸಿ. ಸಣ್ಣ ಸೀಮೆಯಲ್ಲಿ ಇದು ನೀವಂದುಕೊಂಡದ್ದಕ್ಕಿಂತ ಹೆಚ್ಚಾಗಿ ಆಗುತ್ತದೆ.

ಸುಳಿಯ ಬಗ್ಗೆ ಏನೂ ಹೇಳಲಿಲ್ಲ ಎನ್ನಬೇಡಿ. ಗಂಟಲಿನ ಕೆಳಗಿನ ದೇವಮಣಿ, ನಾಲ್ಕು ಕಾಲು ಮತ್ತು ಮುಖ ಬಿಳಿಯಾದ ಪಂಚಕಲ್ಯಾಣಿ, ಇವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ. ನಂಬುವ ಗಿರಾಕಿ ಇರುವವರೆಗೆ ಮರಿ ಮಾರುವ ನೀವು ಅದನ್ನು ಕಡೆಗಣಿಸಲಾಗದು. ಕೆಟ್ಟ ಸುಳಿ ಇದೆಯೆಂದು ಅಗ್ಗಕ್ಕೆ ಬಿಟ್ಟುಕೊಟ್ಟ, ಗರ್ಭಕೋಶ ಚೆನ್ನಾಗಿರುವ ಹೆಣ್ಣು ಸಿಕ್ಕರೆ ನಾನಂತೂ ಕಣ್ಣುಮುಚ್ಚಿ ಕೊಳ್ಳುತ್ತೇನೆ. ಸುಳಿ ಮರಿಗೆ ಅದೇ ಜಾಗದಲ್ಲಿ ಬಂದೇ ಬರುತ್ತದೆ ಎಂಬ ನಿಯಮವಿಲ್ಲ.

ರೋಗದ ಪರೀಕ್ಷೆ

ಎಲ್ಲಕ್ಕಿಂತ ಹೆದರಬೇಕಾದದ್ದು ಗ್ಲ್ಯಾಂಡರ್ಸ್‌ಗೆ. ಮೂಗಿನಿಂದ ಜೇನಿನಂಥ ಅಂಟು ಸೋರುವುದು, ಮೂಗಿನೊಳಗೆ ಹುಣ್ಣು, ದವಡೆಯ ಕೆಳಗೆ ಗಟ್ಟಿ ಗಂಟು, ಕಾಲಿನ ತೊಗಲ ಮೇಲೆ ಸಾಲು ಸಾಲು ಒಡೆದ ಗಂಟುಗಳು ಇದರ ಗುರುತು. ಯಾವ ಗುರುತೂ ಇಲ್ಲದೆ ರೋಗ ಒಳಗಿರುವುದೂ ಉಂಟು. ಇದು ಮನುಷ್ಯರಿಗೂ ಹರಡಿ ಕೊಲ್ಲಬಲ್ಲದು. ಸೋಂಕು ಖಚಿತವಾದ ಕುದುರೆಯನ್ನು ಸರ್ಕಾರವೇ ದಯಾಮರಣಕ್ಕೆ ಒಳಪಡಿಸುತ್ತದೆ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಡಿ ಅದನ್ನು ಮುಚ್ಚಿಡುವಂತಿಲ್ಲ. ರಕ್ತದ ಮಾದರಿಯನ್ನು ಪಶುಪಾಲನಾ ಇಲಾಖೆಯ ಮೂಲಕ ಕಳುಹಿಸಿಕೊಡಿ. ದೇಶದಲ್ಲಿ ಕುದುರೆಗಳಿಗೆಂದೇ ಇರುವ ದೊಡ್ಡ ಸಂಶೋಧನಾ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿದೆ. ವರದಿ ಬರುವವರೆಗೆ ಕುದುರೆ ಮಾರುವವನ ಲಾಯದಲ್ಲೇ ಇರಲಿ, ‘ನಾಳೆ ಇನ್ನೊಬ್ಬ ಗಿರಾಕಿ ಬರುತ್ತಾನೆ’ ಎಂದರೆ ಬರಲಿ ಬಿಡಿ.

ಅದೇ ರಕ್ತದಲ್ಲಿ ಸರ್ರಾ, ಉಣ್ಣೆ ಹುಳು ಕಚ್ಚಿ ಬರುವ ಪೈರೋಪ್ಲಾಸ್ಮೋಸಿಸ್, ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಇವನ್ನೂ ನೋಡಿಸಿ. ಮಬ್ಬು ಬೆಳಕಿನಲ್ಲಿ ಟಾರ್ಚ್ ಹಿಡಿದು ಕಣ್ಣು ನೋಡಿ. ಕಣ್ಣುಗುಡ್ಡೆಯೊಳಗಿನ ನೀರಿನಲ್ಲಿ ಬಿಳಿ ದಾರದಂಥ ಹುಳು ಈಜುವುದು ಅಪರೂಪವೇನಲ್ಲ. ಮೊದಲ ಸಲ ನೋಡಿದವರು ಮಾಟ ಎಂದುಕೊಳ್ಳುತ್ತಾರೆ. ವೈದ್ಯರು ಅದನ್ನು ತೆಗೆಯಬಲ್ಲರು, ಆದರೆ ಬೆಲೆ ಇಳಿಸಲು ಅದು ಒಳ್ಳೆಯ ಕಾರಣ.

ಟವೆಲ್ಲಿನ ಕೆಳಗೆ ಮತ್ತು ಕಾಗದದ ಮೇಲೆ

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಿಜಯನಗರದ ಬಗ್ಗೆ ಬರೆದ ವರದಿಯಲ್ಲಿ ಒಂದು ಸಂಗತಿ ಇದೆ. ಸಾಳುವ ನರಸಿಂಹನು ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತದ್ದಾದರೆ ಬಾಲವನ್ನು ತಂದು ತೋರಿಸಿದರೆ ಸಾಕು. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಕುದುರೆ ಬರುವುದು ನಿಂತರೆ ರಾಜ್ಯವೇ ನಡುಗುತ್ತಿದ್ದ ಕಾಲ ಅದು, ಹಂಪಿಯ ಮಹಾನವಮಿ ದಿಬ್ಬದ ಗೋಡೆಯ ಮೇಲೆ ಇವತ್ತಿಗೂ ಆ ಕುದುರೆಗಳ ಸಾಲು ನಿಂತಿದೆ. ಅರಸನಿಗೆ ಆ ಧಾರಾಳ ಹೊಂದುತ್ತಿತ್ತು. ನಮಗೆ ಹೊಂದುವುದಿಲ್ಲ.

ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳಿದರೆ ಹಿಡಿಯಿರಿ, ಅದು ಸಂತೆಯ ಸಂಪ್ರದಾಯ. ಆದರೆ ನಿಮ್ಮ ಬೆರಳು ಬಿಟ್ಟ ಮೇಲೆ ಅವನು ಮಾರುವವನ ಬೆರಳು ಹಿಡಿದು ಬೇರೆ ಅಂಕಿ ಹೇಳುತ್ತಾನೆ, ನಡುವಿನದು ಅವನದು. ಮಾಲೀಕನೊಂದಿಗೆ ನೇರವಾಗಿ ಮಾತಾಡಿ, ದಲ್ಲಾಳಿಗೆ ಬೇರೆಯಾಗಿ ಇಷ್ಟೆಂದು ಕೊಟ್ಟುಬಿಡಿ.

ಸಂಚಕಾರ ಕೊಡುವಾಗಲೇ ಕಾಗದ ಬರೆಸಿ. ಕುದುರೆಯ ಬಣ್ಣ, ಎತ್ತರ ಇಂಚಿನಲ್ಲಿ, ಸುಳಿಗಳ ಜಾಗ, ಮುಖ ಮತ್ತು ಕಾಲಿನ ಬಿಳುಪು, ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ, ಎರಡೂ ಬದಿಯ ಫೋಟೋ ಅದರಲ್ಲಿರಬೇಕು. ಇದಕ್ಕಿಂತ ಮುಖ್ಯವಾಗಿ ಒಂದು ವಾಕ್ಯ: ‘ಈ ಕುದುರೆಯನ್ನು ಮರಿ ಪಡೆಯುವ ಉದ್ದೇಶಕ್ಕೆ ಕೊಳ್ಳುತ್ತಿದ್ದಾರೆಂದು ಮಾರುವವನಿಗೆ ತಿಳಿಸಲಾಗಿದೆ.’ 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಕೊಳ್ಳುವವನೇ ಎಚ್ಚರವಾಗಿರಬೇಕು ಎನ್ನುವುದು ಸಾಮಾನ್ಯ ನಿಯಮ. ಅದರ 16ನೆಯ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಅದೇ ಮಾಲಿನ ವ್ಯಾಪಾರ ಮಾಡುವವನಿಗೆ ನಿಮ್ಮ ಉದ್ದೇಶ ತಿಳಿಸಿ, ಅವನ ತಿಳಿವಳಿಕೆಯನ್ನು ನಂಬಿ ಕೊಂಡದ್ದಾದರೆ ನಿಮ್ಮ ಕೈ ಸ್ವಲ್ಪ ಮೇಲಾಗುತ್ತದೆ. ಗಬ್ಬವೆಂದು ಮಾರಿದರೆ ಗಂಡು ಕೊಡಿಸಿದ ತಾರೀಕು, ಯಾವ ಗಂಡು, ಪರೀಕ್ಷೆಯಲ್ಲಿ ಗಬ್ಬವಿಲ್ಲ ಎಂದಾದರೆ ಎಷ್ಟು ಹಣ ವಾಪಸ್ ಎಂಬುದನ್ನೂ ಬರೆಸಿ. ನನ್ನ ಮೊದಲ ಕುದುರೆಗೆ ಈ ಎರಡು ಸಾಲು ಇದ್ದಿದ್ದರೆ ಅರ್ಧ ಹಣವಾದರೂ ತಿರುಗಿ ಬರುತ್ತಿತ್ತು. ಹಣವನ್ನು ಬ್ಯಾಂಕ್ ಮೂಲಕ ಕೊಡಿ, ಮೂರನೆಯ ಒಂದು ಭಾಗವನ್ನು ರಕ್ತ ಮತ್ತು ಗರ್ಭ ಪರೀಕ್ಷೆಯ ವರದಿ ಬಂದ ಮೇಲೆ.

ಸಾಗಿಸಲು 1978ರ ಪ್ರಾಣಿ ಸಾಗಾಣಿಕೆ ನಿಯಮಗಳಂತೆ, ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. ಮರಳು ಅಥವಾ ಹುಲ್ಲು ಹರಡಿದ ಗಾಡಿ, ಬೆಳಗಿನ ಜಾವ ಅಥವಾ ಸಂಜೆ. ತುಂಬು ಗಬ್ಬದ ಕೊನೆಯ ತಿಂಗಳಲ್ಲಿ ಸಾಗಿಸಲೇಬೇಡಿ.

ಮನೆಗೆ ಬಂದ ಮೇಲೆ

ಮಾರುವವನಿಂದ ಹತ್ತು ದಿನಕ್ಕಾಗುವಷ್ಟು ಅವನದೇ ಮೇವನ್ನು ಹಣ ಕೊಟ್ಟು ತನ್ನಿ. ಹಳೆಯದಕ್ಕೆ ಹೊಸದನ್ನು ದಿನದಿನಕ್ಕೆ ಸ್ವಲ್ಪ ಬೆರೆಸುತ್ತ ಹೋಗಿ. ಕುದುರೆ ವಾಂತಿ ಮಾಡಲಾರದ ಪ್ರಾಣಿ, ಮೇವು ಒಮ್ಮೆಲೇ ಬದಲಾದರೆ ಹೊಟ್ಟೆನೋವಿನಿಂದಲೇ ಸಾಯಬಹುದು. ಎಳೆ ಜೋಳದ ಬೆಳೆಗೆ ಮೇಯಲು ಬಿಡಬೇಡಿ. ಅದರಲ್ಲಿ ವಿಷವಿದೆ, ಗಬ್ಬದ ಹೆಣ್ಣಿಗೆ ಇನ್ನೂ ಅಪಾಯ. ಒಣಗಿದ ಕಣಿಕೆಯ ಮಾತು ಬೇರೆ. ಹೊಳೆದಂಡೆಯ ಮರಳಿನಲ್ಲಿ ಮೇವು ಚೆಲ್ಲಬೇಡಿ, ಮರಳು ಹೊಟ್ಟೆ ಸೇರುತ್ತದೆ.

ಮೂರರಿಂದ ನಾಲ್ಕು ವಾರ ಬೇರೆ ಕುದುರೆಗಳಿಂದ ದೂರ ಕಟ್ಟಿ. ಬಕೆಟ್ಟು, ಮೈತಿಕ್ಕುವ ಬ್ರಷ್ ಎಲ್ಲ ಬೇರೆ. ಧನುರ್ವಾಯುವಿನ ಲಸಿಕೆ ಮೊದಲ ವಾರವೇ ಹಾಕಿಸಿ, ಕುದುರೆಯಷ್ಟು ಸುಲಭವಾಗಿ ಆ ರೋಗಕ್ಕೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಗಬ್ಬದ ಐದು, ಏಳು, ಒಂಬತ್ತನೆಯ ತಿಂಗಳಿಗೆ ಗರ್ಭಪಾತ ತಡೆಯುವ ಹರ್ಪಿಸ್ ಲಸಿಕೆಯ ಬಗ್ಗೆ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ, ಬೇಕೆಂದಾಗ ಸಿಗುವ ವಸ್ತು ಅದಲ್ಲ.

ಹಳೆಯ ಒಡೆಯನ ಫೋನ್ ನಂಬರ್ ಅಳಿಸಬೇಡಿ. ಮೊದಲ ವಾರ ಮೇವು ಬಿಟ್ಟರೆ ಅವನನ್ನೇ ಕೇಳಿ. ಆ ಕುದುರೆ ಯಾವ ಪಾತ್ರೆಯಲ್ಲಿ ನೀರು ಕುಡಿಯುತ್ತದೆ, ಯಾರು ಹತ್ತಿರ ಬಂದರೆ ಕಿವಿ ಹಿಂದಕ್ಕೆ ಮಡಚುತ್ತದೆ ಎಂಬುದು ಅವನಿಗೆ ಮಾತ್ರ ಗೊತ್ತು. ಮರಿ ಬಿದ್ದ ದಿನ ಅವನಿಗೊಂದು ಫೋಟೋ ಕಳುಹಿಸಿ. ನಮ್ಮ ಲಾಯದಲ್ಲಿ ಈಗಿರುವ ಎರಡನೆಯ ಹೆಣ್ಣು ಹಾಗೆ ಬಂದದ್ದು: ಫೋಟೋ ನೋಡಿದ ಕುರಿಗಾರರೊಬ್ಬರು ಮೂರನೆಯ ದಿನ ಫೋನ್ ಮಾಡಿ, ‘ಅದರ ತಂಗಿ ಇದೆ ನೋಡ್ರಿ, ಇನ್ನೂ ಯಾರಿಗೂ ಹೇಳಿಲ್ಲ’ ಎಂದರು.